ಕೂಸುಗಳ ಪ್ರಾಣ ಕಾಯ್ದ ಡಾಕ್ಟರ್ ಬೇಕರಮ್ಮನವರ ಚರಿತ್ರೆ

ತೊಟ್ಟಿಲಲ್ಲಿದ್ದ ಕೂಸನ್ನು ಮಣ್ಣಿಗೆ ಒಪ್ಪಿಸಿ ಬಂದ ಮನೆಯ ದುಃಖವು ಎಂಥದೆಂದು ವಾಚಕರಿಗೆ ವರ್ಣಿಸಿ ಹೇಳಬೇಕಾದದ್ದಿಲ್ಲ. ಅಂಥ ಮನೆಯನ್ನು ಕಾಣದವರು ನಮ್ಮಲ್ಲಿ ಕೆಲವರೇ. ಆ ವೇಳೆಯಲ್ಲಿ ನೆರೆಯವರು ಬಂದು ಕುಳಿತು, ಅದರ ಆಯುಸ್ಸು ಅಷ್ಟೇ ಇತ್ತು, ನಮ್ಮ ಕೈಯಲ್ಲಿ ಏನಿದೆ ಎಂದು ಸಮಾಧಾನ ಹೇಳುವದುಂಟು. ಈ ಮಾತು ನಮ್ಮ ದೇಶದಲ್ಲಿ ಮಾತ್ರ ಕೇಳಬರುವಂಥದಲ್ಲ. ನೂರು ವರುಷಗಳಿಗಿಂತ ಸ್ವಲ್ಪ ಹಿಂದೆ ಅಮೇರಿಕ ದೇಶದ ನ್ಯೂಯಾರ್ಕ್ ಎಂಬ ಮಹಾಪಟ್ಟಣದಲ್ಲಿಯೂ ಬಡ ತಾಯಂದಿರು ಇದನ್ನೇ ನಂಬಿದ್ದರು. ಬೇಸಗೆ ಬಂದರೆ ಕೂಸುಗಳು ಸಾಯತಕ್ಕವುಗಳೇ ಎಂದು ಅವರು ಎಣಿಸಿ, ಅತ್ತು ಸುಮ್ಮನಾಗುತ್ತಿದ್ದರು. ಆ ಮಾತನ್ನು ಒಪ್ಪದೆ, ಇದು ಆಯುಸ್ಸಿನ ಕೊರತೆಯಲ್ಲ, ಆರೈಕೆಯ ಕೊರತೆ ಎಂದು ತಿಳಿದು, ಅದನ್ನು ಇಡೀ ಪಟ್ಟಣಕ್ಕೆ ತೋರಿಸಿಕೊಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಬರೆದಿದ್ದೇವೆ.

ಸಾರಾ ಜೋಸೆಫೀನ್ ಬೇಕರ್ ಎಂಬವರು ೧೮೭೩ನೆಯ ಇಸವಿ ನವಂಬರ್ ೧೫ನೆಯ ತಾರೀಖಿನಲ್ಲಿ ಹಡ್ಸನ್ ಎಂಬ ದೊಡ್ಡ ಹೊಳೆಯ ದಡದಲ್ಲಿರುವ ಪೊಕೀಪ್ಸಿ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯವರು ಹೆಸರಾದ ವಕೀಲರು. ತಾಯಿಯವರು ಹೆಂಗಸರಿಗೆ ಉನ್ನತ ವಿದ್ಯೆಯು ಅಪರೂಪವಾಗಿದ್ದ ಆ ಕಾಲದಲ್ಲಿಯೇ ಕಾಲೇಜಿನಲ್ಲಿ ಓದಿದವರು. ಮನೆಯಲ್ಲಿ ಊಟಕ್ಕೂ ಉಡಿಗೆಗೂ ಕೊರತೆ ಇರಲಿಲ್ಲ. ಅವರ ಬಾಲ್ಯದ ಒಂದು ಸಂಗತಿಯು ಇಂದಿಗೂ ಹೇಳಲ್ಪಡುತ್ತದೆ. ಸಾರಾ ಇನ್ನೂ ಪುಟ್ಟ ಹುಡುಗಿಯಾಗಿದ್ದಾಗ ಒಂದು ದಿವಸ ತಾಯಿಯು ಅವಳಿಗೆ ಕಸೂತಿಯ ಬಿಳೀ ಲಂಗವನ್ನು ತೊಡಿಸಿ, ನೀಲಿ ಪಟ್ಟಿಯನ್ನು ಕಟ್ಟಿ, ಹೊಸ ಕಾಲುಚೀಲ ಪಾದರಕ್ಷೆಗಳನ್ನು ಹಾಕಿದಳು. ದಾರಿಯಲ್ಲಿ ಹೋಗುವವರು ತನ್ನನ್ನು ನೋಡಿ ಮೆಚ್ಚಲೆಂದು ಹುಡುಗಿಯು ಮನೆಯ ಮುಂದೆ ಹೋಗಿ ಕೂತಳು. ಅಷ್ಟರಲ್ಲಿ ತನ್ನಷ್ಟೇ ವಯಸ್ಸಿನ ಒಬ್ಬ ನೀಗ್ರೋ ಹುಡುಗಿಯು ಅಲ್ಲಿಗೆ ಬಂದು, ಹರಕು ಬಟ್ಟೆಯಲ್ಲಿ ನಿಂತು, ಆ ಉಡಿಗೆಯನ್ನು ಕಣ್ಣೆವೆ ಇಕ್ಕದೆ ನೋಡಿದಳು. ಅವಳ ಮುಖದಲ್ಲಿ ಹಸಿವೆಯ ಗುರುತು ಇತ್ತು. ಸಾರಾಳು ಆ ನೋಟವನ್ನು ತಾಳಲಾರದೆ ಅಲ್ಲಿಯೇ ತನ್ನ ಮೈಮೇಲಿನ ಬಟ್ಟೆಗಳನ್ನೆಲ್ಲ ಒಂದೂ ಬಿಡದೆ ಕಳಚಿ ಅವಳ ಕೈಯಲ್ಲಿ ಕೊಟ್ಟು, ಬರಿಮೈಯಲ್ಲಿ ಮನೆಯೊಳಗೆ ಓಡಿದಳು. ತಂದೆತಾಯಿಗಳು ಬೆರಗಾದರೂ ಮಗಳ ಮನಸ್ಸನ್ನು ತಿಳಿದು ಅವಳನ್ನು ಬೈಯಲಿಲ್ಲ. ಮುಂದೆ ಇವರು ಮಾಡಿದ ಕೆಲಸಕ್ಕೆ ಈ ಕನಿಕರವೇ ಬೀಜವೆಂದು ಹೇಳಬಹುದು.

ಸಾರಾಳಿಗೆ ಹದಿನಾರು ವರುಷವಾದಾಗ ಆ ಸುಖದ ಮನೆಯ ಮೇಲೆ ಸಿಡಿಲು ಬಿತ್ತು. ಮೊದಲು ಅವಳ ತಮ್ಮನು ಸತ್ತನು, ಕೆಲವು ತಿಂಗಳೊಳಗೆ ತಂದೆಯು ವಿಷಮಜ್ವರದಿಂದ ತೀರಿಕೊಂಡರು. ಮನೆಯಲ್ಲಿ ತಾಯಿಯೂ ಅಕ್ಕತಂಗಿಯರೂ ಉಳಿದರು. ಸಂಪಾದಿಸುವ ಕೈ ಇಲ್ಲದೆ ಹೋಯಿತು. ತಾಯಿ ಓದಿದ ಕಾಲೇಜಿಗೆ ತಾನೂ ಹೋಗಬೇಕೆಂದಿದ್ದ ಆಶೆಯನ್ನು ಸಾರಾಳು ಬಿಟ್ಟು, ಕುಟುಂಬವನ್ನು ಸಾಕುವದಕ್ಕಾಗಿ ಡಾಕ್ಟರಾಗಬೇಕೆಂದು ನಿಶ್ಚಯಿಸಿದಳು. ಇದು ಬಂಧುಗಳಿಗೆ ಹಿಡಿಸಲಿಲ್ಲ. ಹೆಂಗಸಿಗೆ ಯಾತಕ್ಕೆ ಈ ಕೆಲಸವೆಂದು ಅಂದವರೇ ಹೆಚ್ಚು. ಆದರೂ ಅವಳು ಮನೆಯಲ್ಲಿಯೇ ಕೂತು ಬೇಕಾದ ಶಾಸ್ತ್ರಗಳನ್ನು ಓದಿ, ಉಳಿದಿದ್ದ ಹಣದಲ್ಲಿ ಒಂದು ಪಾಲನ್ನು ತೆಗೆದುಕೊಂಡು, ನ್ಯೂಯಾರ್ಕಿನ ಸ್ತ್ರೀಯರ ವೈದ್ಯಶಾಲೆಯನ್ನು ಸೇರಿದಳು. ಅಮೇರಿಕದಲ್ಲಿ ವೈದ್ಯ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀಯಾದ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬವರೇ ಆ ಶಾಲೆಯನ್ನು ಸ್ಥಾಪಿಸಿದವರು.

ಆ ಶಾಲೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯು ವಿಚಾರ ಮಾಡತಕ್ಕದ್ದಾಗಿದೆ. ರೋಗಗಳ ವಿಷಯವಾಗಿ ಕಲಿಸುವ ಪಾಠಗಳಲ್ಲೆಲ್ಲ ಬೇಕರಮ್ಮನವರು ಚೆನ್ನಾಗಿ ತೇರ್ಗಡೆಯಾದರು. ಆದರೆ ರೋಗವಿಲ್ಲದ ಮಗುವಿನ ಬೆಳವಣಿಗೆಯ ವಿಷಯವಾದ ಒಂದು ಪಾಠವೂ ಅಲ್ಲಿ ಇತ್ತು. ಅನ್ನಿ ಡೇನಿಯಲ್ ಎಂಬ ವೈದ್ಯೆಯು ಅದನ್ನು ಕಲಿಸುತ್ತಿದ್ದರು. ಸೌಖ್ಯವಾಗಿರುವ ಮಗುವನ್ನು ಕುರಿತು ಕಲಿಯುವದೇನಿದೆ ಎಂದು ಅಲಕ್ಷ್ಯ ಮಾಡಿದ ಬೇಕರಮ್ಮನವರು ಆ ಪರೀಕ್ಷೆಯಲ್ಲಿ ತಪ್ಪಿದರು. ಅದೊಂದರಲ್ಲಿಯೇ ತಪ್ಪಿದ ನಾಚಿಕೆಯಿಂದ ಮರುವರುಷ ಅದೇ ಪಾಠವನ್ನು ತಿರಿಗಿ ಕೂತು ಕೇಳಿದರು. ಈ ಸಾರಿ ಗಮನವಿಟ್ಟು ಕೇಳಲು, ಮಗುವು ಎಷ್ಟು ತೂಗಬೇಕು, ಯಾವಾಗ ಏನು ಉಣ್ಣಬೇಕು, ಎಷ್ಟು ನಿದ್ರಿಸಬೇಕು ಎಂಬವುಗಳಲ್ಲಿ ಅವರ ಮನಸ್ಸು ಹಿಡಿದುಕೊಂಡಿತು. ಯಾವ ವಿಷಯದಲ್ಲಿ ತಪ್ಪಿದರೋ ಅದೇ ಅವರ ಆಯುಷ್ಯದ ಕೆಲಸವಾಯಿತು. ೧೮೯೮ನೆಯ ಇಸವಿಯಲ್ಲಿ ಅವರು ಆ ಶಾಲೆಯಿಂದ ಡಾಕ್ಟರ್ ಪದವಿಯನ್ನು ಪಡೆದರು.

ಬಾಸ್ಟನ್ ಪಟ್ಟಣದ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಕೆಲಸ ಕಲಿತ ಮೇಲೆ ಅವರು ನ್ಯೂಯಾರ್ಕಿಗೆ ಬಂದು, ಒಬ್ಬ ಸ್ನೇಹಿತೆಯ ಸಂಗಡ ಸ್ವಂತ ವೈದ್ಯವೃತ್ತಿಯನ್ನು ಪ್ರಾರಂಭಿಸಿದರು. ಹೆಂಗಸಾದ ಡಾಕ್ಟರಳ ಬಳಿಗೆ ಬರುವ ರೋಗಿಗಳು ಕಡಿಮೆ. ಮೊದಲನೆಯ ವರುಷದ ಒಟ್ಟು ಸಂಪಾದನೆಯು ೧೮೫ ಡಾಲರುಗಳು ಮಾತ್ರ. ಅಷ್ಟರಿಂದ ಬಾಡಿಗೆ ಕೊಡುವದೂ ಕಷ್ಟವಾದ್ದರಿಂದ, ೧೯೦೧ರಲ್ಲಿ ಅವರು ಪಟ್ಟಣದ ಆರೋಗ್ಯ ಇಲಾಖೆಯ ಪರೀಕ್ಷೆಗೆ ಕೂತು, ತಿಂಗಳಿಗೆ ೩೦ ಡಾಲರ್ ಸಂಬಳದ ತನಿಖೆಯ ಡಾಕ್ಟರರ ಕೆಲಸಕ್ಕೆ ಸೇರಿದರು. ಹೊಟ್ಟೆಪಾಡಿಗಾಗಿ ಹಿಡಿದ ಈ ಕೆಲಸವು ಅವರನ್ನು ಪಟ್ಟಣದ ಅತ್ಯಂತ ಬಡವರ ಬಾಗಿಲಿಗೆ ಕರಕೊಂಡುಹೋಯಿತು.

೧೯೦೨ರ ಬೇಸಗೆಯಲ್ಲಿ ಅವರಿಗೆ ಒಂದು ಕೇರಿಯ ರೋಗಪೀಡಿತ ಕೂಸುಗಳನ್ನು ಹುಡುಕಿ ನೋಡುವ ಕೆಲಸವು ಕೊಡಲ್ಪಟ್ಟಿತು. ಆ ಕೇರಿಗೆ ಜನರು ಇಟ್ಟಿದ್ದ ಅಡ್ಡಹೆಸರು ನರಕದ ಅಡಿಗೆಮನೆ ಎಂಬದಾಗಿತ್ತು. ಐದಾರು ಅಂತಸ್ತುಗಳ ಹಳೇ ವಠಾರಗಳು, ಒಂದೊಂದು ಕತ್ತಲೆ ಕೋಣೆಯಲ್ಲಿ ಒಂದೊಂದು ಸಂಸಾರ, ಗಾಳಿಯಿಲ್ಲ, ನೀರಿಗೆ ಮೆಟ್ಟಿಲಿಳಿದು ಹೋಗಬೇಕು. ಐರ್ಲೆಂಡ್, ಇಟಲಿ, ರಷ್ಯ ಮೊದಲಾದ ದೇಶಗಳಿಂದ ಕೂಲಿಗಾಗಿ ಬಂದ ಬಡವರು ಇಂಥ ವಠಾರಗಳಲ್ಲಿ ತುಂಬಿದ್ದರು. ಅವರಲ್ಲಿ ಅನೇಕರಿಗೆ ಆ ದೇಶದ ಭಾಷೆಯೂ ಬಾರದು. ಬೇಕರಮ್ಮನವರು ಬೆಳಗಿನಿಂದ ಸಾಯಂಕಾಲದ ವರೆಗೆ ಸುಡುವ ಸೆಕೆಯಲ್ಲಿ ಮೆಟ್ಟಿಲುಗಳನ್ನು ಹತ್ತಿ ಇಳಿದರು. ಎಲ್ಲಿ ನೋಡಿದರೂ ಭೇದಿಯಿಂದ ಒಣಗಿಹೋದ ಕೂಸುಗಳು. ಆ ಕಾಲದ ಬೇಸಗೆಗಳಲ್ಲಿ ನ್ಯೂಯಾರ್ಕ್ ಪಟ್ಟಣವೊಂದರಲ್ಲಿಯೇ ವಾರಕ್ಕೆ ೧,೫೦೦ ಕೂಸುಗಳ ವರೆಗೆ ಸಾಯುತ್ತಿದ್ದವು. ಅವರು ಒಂದು ಮನೆಯನ್ನು ಹೊಕ್ಕಾಗ ಕೂಸು ಸಾಯುವದರಲ್ಲಿತ್ತು. ಮತ್ತೊಂದನ್ನು ಹೊಕ್ಕಾಗ ಸತ್ತುಹೋಗಿತ್ತು. ಔಷಧ ಬರೆದುಕೊಡುವದಕ್ಕೂ ವೇಳೆ ಮೀರಿತ್ತು.

ಆ ಕೂಸುಗಳು ಸಾಯುವದಕ್ಕೆ ಕಾರಣವೇನು? ಅವುಗಳಲ್ಲಿ ಬಹಳ ಕೂಸುಗಳು ಹುಟ್ಟುವಾಗ ಗಟ್ಟಿಯಾಗಿಯೇ ಹುಟ್ಟಿದ್ದವು. ಆದರೆ ತಾಯಿಯು ಕೆಲಸಕ್ಕೆ ಹೋಗಬೇಕಾಗಿ ಬಂದರೆ ಮೊಲೆಹಾಲು ನಿಲ್ಲುತ್ತಿತ್ತು. ಅಂಗಡಿಯ ಹಾಲು ಬರುತ್ತಿತ್ತು. ಆ ಹಾಲನ್ನು ದೂರದ ಹಳ್ಳಿಗಳಿಂದ ತಂದು, ಬಾಯಿ ತೆರೆದ ದೊಡ್ಡ ಡಬ್ಬಗಳಲ್ಲಿಟ್ಟು, ಸೌಟಿನಿಂದ ಅಳೆದು ಮಾರುತ್ತಿದ್ದರು. ಅದರ ಮೇಲೆ ನೊಣಗಳು ಕೂರುತ್ತಿದ್ದವು, ಸೆಕೆಯಲ್ಲಿ ಅದು ಕೆಡುತ್ತಿತ್ತು, ನೀರು ಬೆರೆಸುವದೂ ಇತ್ತು. ಕೆಟ್ಟ ಹಾಲಿನಲ್ಲಿ ಕಣ್ಣಿಗೆ ಕಾಣದ ರೋಗಬೀಜಗಳು ಸಾವಿರಾರಾಗಿ ಹೆಚ್ಚಿ, ಕೂಸಿನ ಕರುಳನ್ನು ಸೇರಿ ಭೇದಿಯನ್ನು ಎಬ್ಬಿಸುತ್ತಿದ್ದವು. ಭೇದಿಯಲ್ಲಿ ದೇಹದ ನೀರೂ ಉಪ್ಪೂ ಹೋಗಿ, ಚಿಕ್ಕ ಕೂಸು ಒಂದೆರಡು ದಿವಸಗಳಲ್ಲಿಯೇ ಬಾಡಿಬಿಡುತ್ತಿತ್ತು. ಇದಲ್ಲದೆ ಉಣ್ಣೆಯ ಬಟ್ಟೆಗಳನ್ನು ಒಂದರ ಮೇಲೊಂದು ಸುತ್ತಿ ಕಟ್ಟಿ, ಕಿಟಕಿಗಳನ್ನು ಮುಚ್ಚಿ, ಸೆಕೆಯಲ್ಲಿ ಕೂಸನ್ನು ಬೇಯಿಸಿದ ಹಾಗೆ ಮಾಡುತ್ತಿದ್ದರು. ತಾಯಂದಿರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಹೇಳಿಕೊಡುವವರು ಇರಲಿಲ್ಲ.

ಹೀಗೆ ಹಲವು ವರುಷಗಳು ಕಳೆದವು. ರೋಗ ಬಂದ ಮೇಲೆ ಓಡಿಹೋಗುವದರಿಂದ ಪ್ರಯೋಜನವಿಲ್ಲ, ಕೂಸು ಸೌಖ್ಯವಾಗಿರುವಾಗಲೇ ಅದರ ಮನೆಗೆ ಹೋಗಬೇಕು ಎಂಬದು ಬೇಕರಮ್ಮನವರ ಮನಸ್ಸಿನಲ್ಲಿ ದೃಢವಾಯಿತು. ಇಲಾಖೆಯಲ್ಲಿ ಅವರ ಸ್ಥಾನವು ಹೆಚ್ಚಿದ ಮೇಲೆ, ೧೯೦೮ರ ಬೇಸಗೆಯಲ್ಲಿ ಇದನ್ನು ಪರೀಕ್ಷಿಸುವದಕ್ಕೆ ಸಂದರ್ಭ ಸಿಕ್ಕಿತು. ಪಟ್ಟಣದ ಶಾಲೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯರು ಇದ್ದರು. ಬೇಸಗೆಯ ರಜೆಯಲ್ಲಿ ಅವರಿಗೆ ಶಾಲೆಯ ಕೆಲಸವಿರುವದಿಲ್ಲ. ಬೇಕರಮ್ಮನವರು ಅಂಥ ೩೦ ಮಂದಿ ದಾದಿಯರನ್ನು ಕೇಳಿ ಪಡೆದು, ಇಟಲಿಯಿಂದ ಬಂದ ಬಡವರೇ ತುಂಬಿದ್ದ ಒಂದು ಭಾಗವನ್ನು ಆರಿಸಿಕೊಂಡರು. ಜನನ ದಾಖಲೆಯ ಕಚೇರಿಯಿಂದ ಆಯಾ ದಿವಸ ಹುಟ್ಟಿದ ಕೂಸುಗಳ ಹೆಸರು ವಿಳಾಸಗಳನ್ನು ತರಿಸಿಕೊಂಡು, ಕೂಡಲೆ ಒಬ್ಬೊಬ್ಬ ದಾದಿಯನ್ನು ಆ ಮನೆಗಳಿಗೆ ಕಳುಹಿಸುತ್ತಿದ್ದರು.

ದಾದಿಯ ಚೀಲದಲ್ಲಿ ಹೊಸದಾದ ಔಷಧ ಯಾವದೂ ಇರಲಿಲ್ಲ. ಅವಳು ತಾಯಿಯ ಬಳಿಯಲ್ಲಿ ಕೂತು, ಕೂಸಿಗೆ ಮೊಲೆಹಾಲನ್ನೇ ಕೊಡಬೇಕು, ಅದು ಅಂಗಡಿಯ ಹಾಲಿನಂತೆ ಕೆಡುವದಿಲ್ಲ ಎಂದು ತಿಳಿಸುವಳು. ದಿನಾಲು ಕೂಸಿನ ಮೈ ತೊಳೆಯುವದನ್ನು ತನ್ನ ಕೈಯಿಂದಲೇ ಮಾಡಿ ತೋರಿಸುವಳು. ಸುತ್ತಿದ ಉಣ್ಣೆಯ ಬಟ್ಟೆಗಳನ್ನು ಬಿಚ್ಚಿ ತೆಳುವಾದದ್ದನ್ನು ತೊಡಿಸುವಳು, ಕಿಟಕಿಯನ್ನು ತೆರೆಯಿಸುವಳು, ಸಂಜೆಯ ತಂಪಿನಲ್ಲಿ ಕೂಸನ್ನು ಹೊರಗೆ ಎತ್ತಿಕೊಂಡು ಹೋಗಲು ಹೇಳುವಳು. ಬಾಣಂತಿಯ ಊಟದ ವಿಷಯವನ್ನೂ ವಿಚಾರಿಸುವಳು. ಮತ್ತೆ ಕೆಲವು ದಿವಸಗಳಲ್ಲಿ ಬಂದು ನೋಡುವಳು. ಇಷ್ಟೇ. ಬೇಸಗೆ ಕಳೆದ ಮೇಲೆ ಲೆಕ್ಕ ಹಾಕಿದಾಗ, ಹಿಂದಿನ ಬೇಸಗೆಗಿಂತ ಆ ಭಾಗದಲ್ಲಿ ೧,೨೦೦ ಸಾವುಗಳು ಕಡಿಮೆಯಾಗಿದ್ದವು. ದಾದಿಯರು ಹೋಗದೆ ಇದ್ದ ಬೇರೆ ಭಾಗಗಳಲ್ಲಿ ಕೂಸುಗಳು ಮೊದಲಿನಂತೆಯೇ ಸತ್ತಿದ್ದವು. ಮಾತನ್ನು ನಂಬದವರು ಲೆಕ್ಕವನ್ನು ನಂಬಬೇಕಾಯಿತು. ಅದೇ ವರುಷದ ಆಗಸ್ಟ್ ತಿಂಗಳಲ್ಲಿ ಪಟ್ಟಣದವರು ಮಕ್ಕಳ ಆರೋಗ್ಯಕ್ಕಾಗಿಯೇ ಒಂದು ಶಾಖೆಯನ್ನು ಸ್ಥಾಪಿಸಿ, ಬೇಕರಮ್ಮನವರನ್ನು ಅದಕ್ಕೆ ಮುಖ್ಯಸ್ಥರನ್ನಾಗಿ ಮಾಡಿದರು. ಜನರು ಕೊಡುವ ತೆರಿಗೆಯ ಹಣದಿಂದ ನಡೆಯುವ ಅಂಥ ಶಾಖೆಯು ಅಮೇರಿಕದಲ್ಲಿ ಅದೇ ಮೊದಲನೆಯದು.

ಆದರೆ ಕಷ್ಟವು ಮನೆಯೊಳಗಿನಿಂದಲೇ ಬಂತು. ಶಾಖೆಗೆ ನೇಮಿಸಲ್ಪಟ್ಟ ಆರು ಮಂದಿ ಗಂಡಸರಾದ ಡಾಕ್ಟರರು, ಹೆಂಗಸಿನ ಕೈಕೆಳಗೆ ಕೆಲಸ ಮಾಡಲಾರೆವೆಂದು ರಾಜೀನಾಮೆ ಕೊಡಲು ಸಿದ್ಧರಾದರು. ಬೇಕರಮ್ಮನವರು ಅವರ ಮೇಲೆ ಸಿಟ್ಟಾಗಲಿಲ್ಲ. ಒಂದು ತಿಂಗಳು ಮಾತ್ರ ತನ್ನ ಸಂಗಡ ಕೆಲಸ ಮಾಡಿ ನೋಡಿರಿ, ಆ ಮೇಲೆಯೂ ಮನಸ್ಸಿಲ್ಲದಿದ್ದರೆ ಹೋಗಬಹುದೆಂದು ಕೇಳಿಕೊಂಡರು. ತಿಂಗಳು ಕಳೆಯಿತು. ಒಬ್ಬನೂ ಹೋಗಲಿಲ್ಲ.

ಆ ಮೇಲೆ ಕೆಲಸವು ಒಂದೊಂದಾಗಿ ಬೆಳೆಯಿತು. ಮೊಲೆಹಾಲು ಇಲ್ಲದ ಕೂಸುಗಳಿಗಾಗಿ ಪಟ್ಟಣದವರು ಬಡವರ ಕೇರಿಗಳಲ್ಲಿ ಹಾಲಿನ ಕೇಂದ್ರಗಳನ್ನು ತೆರೆದರು. ಅಲ್ಲಿ ಶುದ್ಧವಾದ ಹಾಲನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದರು. ಹಾಲಿಗೆ ಬರುವ ತಾಯಿಯು ಕೂಸನ್ನೂ ಕರತರಬೇಕಾಗಿತ್ತು. ದಾದಿಯು ಅದನ್ನು ತೂಕ ಮಾಡಿ ಬರೆದಿಡುವಳು, ತೂಕವು ಏರದಿದ್ದರೆ ಡಾಕ್ಟರರು ನೋಡುವರು. ಹೀಗೆ ಹಾಲಿಗಾಗಿ ಬಂದ ತಾಯಿಯು ಬುದ್ಧಿಯನ್ನೂ ಹೊತ್ತುಕೊಂಡು ಹೋದಳು. ಕೂಸಿನ ಉಡಿಗೆಯ ವಿಷಯದಲ್ಲಿಯೂ ಬೇಕರಮ್ಮನವರು ಒಂದು ಸುಲಭವಾದ ಮಾದರಿಯನ್ನು ಮಾಡಿದರು. ಅದು ಮುಂದುಗಡೆಯಲ್ಲಿ ತೆರೆದುಕೊಳ್ಳುವ ಹಗುರವಾದ ಅಂಗಿ. ಕೂಸಿನ ಕೈಕಾಲುಗಳನ್ನು ಹಿಂಡದೆ ತೊಡಿಸಬಹುದಾಗಿತ್ತು. ಒಂದು ದೊಡ್ಡ ವಿಮಾ ಕಂಪನಿಯು ಆ ಮಾದರಿಯ ಕಾಗದಗಳನ್ನು ಎರಡು ಲಕ್ಷದಷ್ಟು ತರಿಸಿ ಜನರಿಗೆ ಹಂಚಿತು.

ಬಡವರ ಮನೆಗಳಲ್ಲಿ ತಾಯಿಯು ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವವಳು ಅಕ್ಕ. ಇದು ನಮ್ಮ ಹಳ್ಳಿಗಳಲ್ಲಿಯೂ ಕಾಣುವ ಸಂಗತಿ. ಹತ್ತು ಹನ್ನೆರಡು ವರುಷದ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡು ತಿರುಗುವಳು. ಅವಳಿಗೆ ತಿಳಿದಷ್ಟೇ ಆರೈಕೆ ಆ ಕೂಸಿಗೆ. ಇದನ್ನು ಕಂಡ ಬೇಕರಮ್ಮನವರು ಹನ್ನೆರಡು ವರುಷಕ್ಕೆ ಮೇಲ್ಪಟ್ಟ ಶಾಲೆಯ ಹುಡುಗಿಯರನ್ನು ಕೂಡಿಸಿ, ಪುಟ್ಟ ತಾಯಂದಿರ ಸಂಘಗಳನ್ನು ಏರ್ಪಡಿಸಿದರು. ಅಲ್ಲಿ ಕೂಸಿಗೆ ಸ್ನಾನ ಮಾಡಿಸುವದು, ಹಾಲನ್ನು ಕಾಯಿಸಿ ಮುಚ್ಚಿಡುವದು, ನೊಣವನ್ನು ಓಡಿಸುವದು, ಭೇದಿ ಪ್ರಾರಂಭವಾದರೆ ಕೂಡಲೆ ದಾದಿಗೆ ತಿಳಿಸುವದು ಇವೆಲ್ಲ ಕಲಿಸಲ್ಪಟ್ಟವು. ಹುಡುಗಿಯರು ಕಲಿತದ್ದನ್ನು ಮನೆಗೆ ಹೋಗಿ ತಾಯಿಗೂ ಅಜ್ಜಿಗೂ ಹೇಳಿದರು. ದೇಶದ ಭಾಷೆ ಬಾರದ ತಾಯಂದಿರಿಗೆ ಈ ಹುಡುಗಿಯರೇ ದುಭಾಷಿಗಳಾದರು.

ಸೂಲಗಿತ್ತಿಯರ ವಿಷಯದಲ್ಲಿ ಅವರು ತೋರಿಸಿದ ಬುದ್ಧಿಯೂ ಮೆಚ್ಚತಕ್ಕದ್ದು. ಆ ಕೇರಿಗಳ ಅನೇಕ ಸ್ತ್ರೀಯರು ಹೆರಿಗೆಗೆ ಗಂಡಸರಾದ ಡಾಕ್ಟರರನ್ನು ಕರೆಯಲೊಲ್ಲದೆ ಸೂಲಗಿತ್ತಿಯರನ್ನೇ ಕರೆಯುತ್ತಿದ್ದರು. ಸೂಲಗಿತ್ತಿಯರನ್ನೆಲ್ಲ ನಿಷೇಧಿಸಬೇಕೆಂದು ಅನೇಕ ಡಾಕ್ಟರರು ಕೂಗಿದರು. ಅವರನ್ನು ಓಡಿಸಿದರೆ ಬಡವರ ಹೆರಿಗೆಗೆ ಯಾರೂ ಇರಲಾರರು, ಆದಕಾರಣ ಅವರಿಗೆ ಕಲಿಸಿ, ಪರೀಕ್ಷಿಸಿ, ಪರವಾನಿಗೆ ಕೊಡುವದೇ ಸರಿ ಎಂದು ಬೇಕರಮ್ಮನವರು ವಾದಿಸಿ ಗೆದ್ದರು. ೧೯೧೧ರಲ್ಲಿ ಬೆಲ್ವ್ಯೂ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ಶಾಲೆಯು ಪ್ರಾರಂಭವಾಯಿತು. ಆಗ ಹುಟ್ಟಿದ ಕೂಸುಗಳ ಕಣ್ಣಿಗೆ ಅಂಟುರೋಗದಿಂದ ಕುರುಡುತನ ಬರುವದುಂಟಾಗಿತ್ತು. ಅದನ್ನು ತಡೆಯುವ ಔಷಧವು ಗೊತ್ತಿದ್ದರೂ, ತೆರೆದ ಬಾಟಲಿಯಲ್ಲಿ ಅದು ಕೆಡುತ್ತಿತ್ತು, ಇಲ್ಲವೆ ತೀಕ್ಷ್ಣವಾಗಿ ಕಣ್ಣನ್ನೇ ಸುಡುತ್ತಿತ್ತು. ಬೇಕರಮ್ಮನವರು ಒಂದೊಂದು ಕಣ್ಣಿಗೆ ಬೇಕಾದಷ್ಟೇ ಔಷಧವನ್ನು ಜೇನುಮೇಣದ ಚಿಕ್ಕ ಗುಳಿಗೆಯೊಳಗೆ ತುಂಬಿಸುವ ಉಪಾಯವನ್ನು ಕಂಡುಕೊಂಡರು. ಅದನ್ನು ಯಾವ ಸೂಲಗಿತ್ತಿಯಾದರೂ ತಪ್ಪಿಲ್ಲದೆ ಉಪಯೋಗಿಸಬಹುದಾಗಿತ್ತು. ಈ ಸಣ್ಣ ಗುಳಿಗೆಯಿಂದ ಅನೇಕ ಕೂಸುಗಳ ಕಣ್ಣುಗಳು ಉಳಿದವು.

ಇವರ ಕೆಲಸಗಳಲ್ಲಿ ಹೃದಯವನ್ನು ಮುಟ್ಟುವಂಥದು ತಬ್ಬಲಿ ಕೂಸುಗಳ ಸಂಗತಿ. ತಾಯಂದಿರು ಬಿಟ್ಟುಹೋದ ಕೂಸುಗಳನ್ನು ದೊಡ್ಡ ಆಸ್ಪತ್ರೆಗಳಲ್ಲಿ ಸಾಕುತ್ತಿದ್ದರು. ಅಲ್ಲಿ ಬಿಳುಪಾದ ಹಾಸಿಗೆ, ಶುದ್ಧವಾದ ಹಾಲು, ಕಲಿತ ದಾದಿಯರು ಎಲ್ಲವೂ ಇತ್ತು. ಆದರೂ ಅವುಗಳಲ್ಲಿ ಹೆಚ್ಚಿನವು ಬದುಕುತ್ತಿರಲಿಲ್ಲ. ವಠಾರದ ಕೊಳಕಿನಲ್ಲಿ ತಾಯಿಯ ತೊಡೆಯ ಮೇಲಿರುವ ಕೂಸು ಬದುಕಿ, ಇಷ್ಟು ಶುಚಿಯಲ್ಲಿರುವ ಕೂಸು ಸಾಯುವದು ಯಾತಕ್ಕೆಂದು ಬೇಕರಮ್ಮನವರು ಆಲೋಚಿಸಿದರು. ಈ ಕೂಸುಗಳನ್ನು ಎತ್ತಿ ಮುದ್ದಿಸುವವರು ಯಾರೂ ಇಲ್ಲವೆಂಬದು ಅವರಿಗೆ ಹೊಳೆಯಿತು. ಆಗ ಅವರು ಅತ್ಯಂತ ಬಲಹೀನವಾದ ಕೂಸುಗಳನ್ನೇ ಆರಿಸಿ, ತಾಯ್ತನವನ್ನು ಬಲ್ಲ ಬಡ ಹೆಂಗಸರಿಗೆ ತಿಂಗಳಿಗಿಷ್ಟು ಹಣ ಗೊತ್ತುಮಾಡಿ ಒಪ್ಪಿಸಿದರು. ದಾದಿಯರು ಆಗಾಗ ಹೋಗಿ ನೋಡುತ್ತಿದ್ದರು. ಸಾಯತಕ್ಕವುಗಳೆಂದು ಬಿಟ್ಟಿದ್ದ ಕೂಸುಗಳಲ್ಲಿ ಬಹಳವು ಕೊಬ್ಬಿ ಬೆಳೆದವು. ಹಾಲಿನಷ್ಟೇ ಎತ್ತಿಕೊಳ್ಳುವ ಕೈಯೂ ಕೂಸಿಗೆ ಆಹಾರವೆಂಬದು ಇದರಿಂದ ಎಲ್ಲರಿಗೂ ತಿಳಿಯಬಂತು.

ಒಳ್ಳೇ ಕೆಲಸಕ್ಕೆ ವಿರೋಧವು ತಪ್ಪದು. ಬ್ರೂಕ್ಲಿನ್ ಭಾಗದ ಮೂವತ್ತಕ್ಕೂ ಮಿಕ್ಕ ಡಾಕ್ಟರರು ಪಟ್ಟಣದ ಮೇಯರರಿಗೆ ಒಂದು ಅರ್ಜಿಯನ್ನು ಬರಕೊಂಡರು. ಈ ಶಾಖೆಯವರು ಕೂಸುಗಳಿಗೆ ರೋಗವೇ ಬಾರದಂತೆ ಮಾಡುವದರಿಂದ ತಮ್ಮ ಸಂಪಾದನೆಯು ಕೆಡುತ್ತದೆ, ಆದಕಾರಣ ಶಾಖೆಯನ್ನು ಮುಚ್ಚಬೇಕು ಎಂಬದೇ ಅದರ ಸಾರಾಂಶವಾಗಿತ್ತು. ಬೇಕರಮ್ಮನವರು ಅದನ್ನು ಓದಿ, ತಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲವೆಂದು ಸಂತೋಷಪಟ್ಟರು. ಮತ್ತೊಂದು ಸಾರಿ ನ್ಯೂಯಾರ್ಕಿನ ಒಂದು ವಿಶ್ವವಿದ್ಯಾಲಯದವರು ಮಕ್ಕಳ ಆರೋಗ್ಯವನ್ನು ಕುರಿತು ಪಾಠ ಹೇಳಬೇಕೆಂದು ಅವರನ್ನು ಕರೆದರು. ಆದರೆ ಆ ತರಗತಿಗೆ ಹೆಂಗಸರನ್ನು ವಿದ್ಯಾರ್ಥಿಗಳಾಗಿ ಸೇರಿಸುತ್ತಿರಲಿಲ್ಲ. ಹೆಂಗಸರು ಕಲಿಯಕೂಡದ ಕಡೆಯಲ್ಲಿ ತಾನು ಕಲಿಸಲಾರೆನೆಂದು ಅವರು ಹಟ ಹಿಡಿದರು. ಕೊನೆಗೆ ವಿಶ್ವವಿದ್ಯಾಲಯದವರೇ ಸೋತು ಹೆಂಗಸರಿಗೆ ಬಾಗಿಲನ್ನು ತೆರೆದರು. ಬೇಕರಮ್ಮನವರು ಕಲಿಸುತ್ತಲೇ ತಾವೂ ಕಲಿತು ೧೯೧೭ರಲ್ಲಿ ಆ ಪದವಿಯನ್ನು ಪಡೆದರು. ಅದೇ ಕಾಲದಲ್ಲಿ ಯೂರೋಪಿನಲ್ಲಿ ಮಹಾಯುದ್ಧವು ನಡೆಯುತ್ತಿತ್ತು. ಯುದ್ಧಭೂಮಿಯಲ್ಲಿರುವ ಸಿಪಾಯಿಗಿಂತ ಅಮೇರಿಕದ ತೊಟ್ಟಿಲಲ್ಲಿರುವ ಕೂಸಿಗೆ ಸಾವಿನ ಭಯ ಹೆಚ್ಚೆಂದು ಅವರು ಲೆಕ್ಕ ತೋರಿಸಿ ಹೇಳಲು, ಪತ್ರಿಕೆಗಳು ಅದನ್ನು ಎಲ್ಲೆಡೆ ಹಬ್ಬಿಸಿದವು, ಮತ್ತು ಕೂಸುಗಳ ಆರೈಕೆಗೂ ಶಾಲೆಯ ಮಕ್ಕಳ ಊಟಕ್ಕೂ ಹಣ ಕೊಡುವದಕ್ಕೆ ಅನೇಕರ ಮನಸ್ಸು ಒಲಿಯಿತು.

೧೯೨೩ರಲ್ಲಿ ಬೇಕರಮ್ಮನವರು ತಮ್ಮ ಕೆಲಸದಿಂದ ನಿವೃತ್ತರಾದರು. ಅವರು ಶಾಖೆಯನ್ನು ಪ್ರಾರಂಭಿಸಿದ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಏಳು ಕೂಸುಗಳಲ್ಲಿ ಸುಮಾರು ಒಂದು ವರುಷ ತುಂಬುವ ಮೊದಲೇ ಸಾಯುತ್ತಿತ್ತು. ಅವರು ಬಿಟ್ಟುಹೋಗುವಾಗ ಆ ಸಾವು ಅರ್ಧದಷ್ಟಕ್ಕೆ ಇಳಿದಿತ್ತು. ಅಮೇರಿಕದ ದೊಡ್ಡ ಪಟ್ಟಣಗಳಲ್ಲೆಲ್ಲ ಕೂಸುಗಳ ಸಾವು ಅಲ್ಲಿಯೇ ಅತಿ ಕಡಿಮೆ ಎಂದು ಹೇಳುವಂತಾಯಿತು. ಇದೆಲ್ಲವೂ ಒಬ್ಬರ ಕೈಯಿಂದಲೇ ಆಯಿತೆಂದು ಹೇಳಲಾಗದು. ಹಾಲನ್ನು ಕಾಯಿಸಿ ಶುದ್ಧಮಾಡಿಯೇ ಮಾರಬೇಕೆಂಬ ನಿಯಮಗಳೂ, ಒಳ್ಳೇ ನೀರೂ, ಕೂಲಿಯವರ ಸ್ಥಿತಿ ಸ್ವಲ್ಪ ಸುಧಾರಿಸಿದ್ದೂ ಇದಕ್ಕೆ ಸಹಾಯವಾದವು. ಆದರೆ ಈ ಒಳ್ಳೇ ಸಂಗತಿಗಳನ್ನೆಲ್ಲ ತಾಯಿಯ ಬಾಗಿಲಿನ ವರೆಗೆ ಮುಟ್ಟಿಸಿದವರು ಬೇಕರಮ್ಮನವರೂ ಅವರ ದಾದಿಯರೂ ಆಗಿದ್ದರು. ಅವರ ಮಾದರಿಯನ್ನು ನೋಡಿ ಬೇರೆ ರಾಜ್ಯಗಳವರು ಅಂಥ ಶಾಖೆಗಳನ್ನು ಸ್ಥಾಪಿಸಿದರು. ೧೯೨೧ರಲ್ಲಿ ಅಮೇರಿಕದ ಕೇಂದ್ರ ಸರಕಾರವು ತಾಯಂದಿರ ಮತ್ತು ಕೂಸುಗಳ ಆರೈಕೆಗಾಗಿ ರಾಜ್ಯಗಳಿಗೆ ಹಣ ಕೊಡುವ ಒಂದು ಕಾನೂನನ್ನು ಮಾಡಿತು. ಬೇಕರಮ್ಮನವರು ೧೯೩೯ರಲ್ಲಿ ತಮ್ಮ ಜೀವನದ ಕಥೆಯನ್ನು ತಾವೇ ಬರೆದು ಪ್ರಕಟಿಸಿದರು. ೧೯೪೫ನೆಯ ಇಸವಿ ಫೆಬ್ರವರಿ ೨೨ನೆಯ ತಾರೀಖಿನಲ್ಲಿ, ಎಪ್ಪತ್ತೊಂದು ವರುಷದವರಾಗಿ, ಅವರು ತೀರಿಕೊಂಡರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ಅವರಿಂದ ಬದುಕಿ ಬೆಳೆದ ಮಕ್ಕಳು ಹತ್ತಾರು ಸಾವಿರ.

ಪ್ರಿಯ ವಾಚಕರೇ, ಬೇಕರಮ್ಮನವರ ಕಾಲದಿಂದ ಈ ಕಾಲಕ್ಕೆ ವೈದ್ಯಶಾಸ್ತ್ರವು ಬಹಳ ಬೆಳೆದಿದೆ, ಆದರೂ ಅವರು ಕಲಿಸಿದ ಪಾಠವು ಹಳೇದಾಗಲಿಲ್ಲ. ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ಮೊಲೆಯೂಡಿಸಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವದು ದೊಡ್ಡ ತಪ್ಪು, ಯಾಕಂದರೆ ರೋಗಗಳನ್ನು ತಡೆಯುವ ಶಕ್ತಿಯು ಅದರಲ್ಲಿಯೇ ಇದೆ. ಜೇನು, ಸಕ್ಕರೆನೀರು, ಹಸುವಿನ ಹಾಲು ಯಾವದನ್ನೂ ನೆಕ್ಕಿಸಬಾರದು. ಆರು ತಿಂಗಳು ತುಂಬುವ ವರೆಗೆ ತಾಯಿಯ ಹಾಲು ಮಾತ್ರವೇ ಸಾಕು, ಬೇಸಗೆಯಲ್ಲಿಯೂ ನೀರು ಬೇಡ. ಆರು ತಿಂಗಳಾದ ಮೇಲೆ ಮೊಲೆಹಾಲನ್ನು ಬಿಡಿಸದೆ, ಅದರ ಸಂಗಡ ರಾಗಿಯ ಗಟ್ಟಿ ಗಂಜಿ, ಚೆನ್ನಾಗಿ ಬೇಯಿಸಿ ಹಿಸುಕಿದ ಅನ್ನಬೇಳೆ, ಸೊಪ್ಪು, ಹಣ್ಣು, ಮೊಟ್ಟೆ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಭೇದಿಯಾದರೆ ಹಾಲನ್ನೂ ಊಟವನ್ನೂ ನಿಲ್ಲಿಸುವದು ಅಪಾಯ. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ. ಆರ್. ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ಪ್ರಕಾರ ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ ಕುಡಿಸುತ್ತಾ, ಕೂಡಲೆ ಕೂಸನ್ನು ಅಲ್ಲಿಗೆ ಕರಕೊಂಡುಹೋಗಬೇಕು. ಬೇಕರಮ್ಮನವರ ಕಣ್ಣೆದುರಿನಲ್ಲಿ ಸತ್ತ ಆ ಕೂಸುಗಳಿಗೆ ಈ ಪುಡಿ ಇರಲಿಲ್ಲ. ನಮ್ಮ ಕೂಸುಗಳಿಗೆ ಇದೆ.

ಕೂಸಿನ ಆರೈಕೆಯು ಅದು ಹುಟ್ಟುವ ಮೊದಲೇ ಪ್ರಾರಂಭವಾಗುವದು. ಬಸುರಿಯಾದ ಸೊಸೆಯು ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಮನೆಯಲ್ಲಿ, ಹಸಿದಿರುವದು ಅವಳೊಬ್ಬಳೇ ಅಲ್ಲ. ತಾಯಿಯ ರಕ್ತವು ಕಡಿಮೆಯಾದರೆ ಕೂಸು ತೂಕವಿಲ್ಲದೆ ಹುಟ್ಟುವದು, ಅಂಥ ಕೂಸಿಗೆ ಪ್ರತಿಯೊಂದು ರೋಗವೂ ಪ್ರಾಣಸಂಕಟವೇ. ಬಾಣಂತಿಗೆ ಪಥ್ಯವೆಂದು ಹೇಳಿ ಸೊಪ್ಪು, ಬೇಳೆ, ಹಣ್ಣುಗಳನ್ನು ತಪ್ಪಿಸುವದೂ ಹಾಗೆಯೇ. ಕರ್ನಾಟಕದಲ್ಲಿ ೨೦೧೭ರಲ್ಲಿ ಅಂಗನವಾಡಿಗಳಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟವನ್ನು ಕೊಡುವ ಏರ್ಪಾಟು ಪ್ರಾರಂಭವಾದದ್ದು ಈ ಕಾರಣದಿಂದಲೇ. ಹೆರಿಗೆಯಾದ ಮೇಲೆ ನಲವತ್ತೆರಡು ದಿವಸಗಳೊಳಗೆ ಆಶಾ ಕಾರ್ಯಕರ್ತೆಯು ಆರು ಸಾರಿಯಾದರೂ ಮನೆಗೆ ಬಂದು ತಾಯಿಯನ್ನೂ ಕೂಸನ್ನೂ ನೋಡಬೇಕೆಂಬ ಕ್ರಮವೂ ನಮ್ಮ ದೇಶದಲ್ಲಿ ಏರ್ಪಟ್ಟಿದೆ. ಅವಳು ಬಾಗಿಲಿಗೆ ಬಂದಾಗ, ನಮ್ಮ ಕೂಸು ಚೆನ್ನಾಗಿಯೇ ಇದೆ, ಇವಳಿಗೆ ಇಲ್ಲೇನು ಕೆಲಸ ಎಂದು ಯಾರೂ ಕಳುಹಿಸಿಬಿಡಬಾರದು. ಚೆನ್ನಾಗಿರುವ ಕೂಸನ್ನು ನೋಡುವದಕ್ಕಾಗಿಯೇ ಅವಳು ಬಂದದ್ದು. ೧೯೦೮ರ ಬೇಸಗೆಯಲ್ಲಿ ಆ ಮೂವತ್ತು ದಾದಿಯರು ಮೆಟ್ಟಿಲು ಹತ್ತಿದ್ದೂ ಅದಕ್ಕಾಗಿಯೇ. ಅವಳನ್ನು ಒಳಗೆ ಕರೆದು, ಒಂದು ಚಾಪೆ ಹಾಸಿ ಕೂರಿಸಿ, ಅವಳು ಹೇಳುವದನ್ನು ಮನೆಯ ಅಜ್ಜಿಯೂ ಗಂಡನೂ ಕೂಡ ಕೇಳಲಿ.